ನೇರಳೆ ಪಿಗ್ಮೆಂಟ್ ಶಾಯಿಯನ್ನು ಪೆನ್ನಿಗೆ ತುಂಬುವ ಮುಂಚೆ: ಕಲಬುರಗಿ ಬಿಸಿಲಲ್ಲಿ ನಾನು ಪರೀಕ್ಷೆ ಮಾಡುವ ರೀತಿ

ನಾನು ಕಲಬುರಗಿಯ ನೆಹರು ಗಂಜ್‌ನಲ್ಲಿ ಒಂದು ಅಡತ್ ಅಂಗಡಿಯ ಲೆಕ್ಕ ಬರೆಯುವವನು. ಅಂಗಡಿಯ ಲೆಕ್ಕವೆಲ್ಲ ಈಗ ಕಂಪ್ಯೂಟರಿನಲ್ಲಿದೆ. ಆದರೆ ದಿನದ ತೊಗರಿ ಧಾರಣೆಯನ್ನು ನಾನು ನನ್ನದೇ ಒಂದು ಲಾಂಗ್ ಬುಕ್ಕಿನಲ್ಲಿ ಕೈಯಿಂದ ಬರೆದಿಡುತ್ತೇನೆ. ಆವಕ ನೀಲಿಯಲ್ಲಿ, ಬಾಕಿ ಕೆಂಪಿನಲ್ಲಿ, ಧಾರಣೆ ನೇರಳೆಯಲ್ಲಿ. ಒಂದು ಮಳೆಗಾಲ ಚೀಲದೊಳಗೆ ನೀರಿನ ಬಾಟಲಿ ಸೋರಿತು. ಮನೆಗೆ ಬಂದು ಬುಕ್ ತೆಗೆದರೆ ಎರಡು ತಿಂಗಳ ಧಾರಣೆ ಹಾಳೆ ತುಂಬಾ ನೇರಳೆ ಹಣ್ಣು ಹಿಂಡಿದ ಹಾಗೆ ಹರಿದಿತ್ತು, ಒಂದು ಅಂಕಿಯೂ ಓದಲು ಬರುತ್ತಿರಲಿಲ್ಲ. ನೀಲಿಯೂ ಹೋಗಿತ್ತು, ಆದರೆ ಅದು ಕಂಪ್ಯೂಟರಿನಲ್ಲಿತ್ತು. ಧಾರಣೆ ಬೇರೆಲ್ಲೂ ಇರಲಿಲ್ಲ.

ಆಗ ಶುರುವಾದದ್ದು, ಒಣಗಿದ ಮೇಲೆ ನೀರು ಬಿದ್ದರೂ ಹೋಗದ ಈ ಪಿಗ್ಮೆಂಟ್ ಶಾಯಿಯ ಹುಚ್ಚು. ಬಹಳ ಜನ ಇದನ್ನು ಕಂಡರೆ ಹೆದರುತ್ತಾರೆ, ಫೌಂಟನ್ ಪೆನ್ನು ಕಟ್ಟಿಕೊಂಡು ಹಾಳಾಗುತ್ತದೆ ಅಂತ. ಕಟ್ಟಿಕೊಳ್ಳುತ್ತದೆ, ನಿಜ. ಆದರೆ ನಾನು ಕಂಡ ಮಟ್ಟಿಗೆ ನಮ್ಮ ಕಡೆ ತಪ್ಪು ಶಾಯಿಯದಕ್ಕಿಂತ ಒಣಗುವುದರದ್ದು ಜಾಸ್ತಿ. ಏಪ್ರಿಲ್ ಮೇನಲ್ಲಿ 42 ಡಿಗ್ರಿ ದಾಟುವ ಊರಿದು, ಗಾಳಿಯಲ್ಲಿ ತೇವ ಅನ್ನೋದೇ ಇರುವುದಿಲ್ಲ. ಬೆಂಗಳೂರಿನ ಗೆಳೆಯ ಹತ್ತು ದಿನ ಪೆನ್ನು ಮುಟ್ಟದೆ ಇಟ್ಟು ಸಲೀಸಾಗಿ ಬರೆಯುತ್ತೇನೆ ಅಂದರೆ, ಅದನ್ನು ನಂಬಿ ಇಲ್ಲಿ ಹಾಗೆ ಮಾಡಬೇಡಿ. ನಿಮ್ಮ ಪೆನ್ನು, ನಿಮ್ಮ ಮನೆ, ನಿಮ್ಮ ಬಿಸಿಲು, ಇವುಗಳಲ್ಲೇ ಪರೀಕ್ಷೆ ಮಾಡಬೇಕು. ಅದಕ್ಕೆ ಎರಡು ಮೂರು ವಾರ ಬೇಕು. ಅವಸರ ಇದ್ದವರು ಸುಮ್ನೆ ಮಾಮೂಲಿ ನೀಲಿ ಶಾಯಿ ಹಾಕಿಕೊಳ್ಳಿ.

ಮಾಮೂಲಿ ಶಾಯಿಗೂ ಇದಕ್ಕೂ ಏನು ವ್ಯತ್ಯಾಸ

ಮಾಮೂಲಿ ಶಾಯಿಯಲ್ಲಿ ಬಣ್ಣ ನೀರಿನಲ್ಲಿ ಕರಗಿರುತ್ತದೆ, ಚಹಾದಲ್ಲಿ ಸಕ್ಕರೆ ಕರಗಿದ ಹಾಗೆ. ಒಣಗಿದ ಮೇಲೆ ಮತ್ತೆ ನೀರು ಬಿದ್ದರೆ ಮತ್ತೆ ಕರಗಿ ಹರಿಯುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣ ಕರಗಿರುವುದಿಲ್ಲ, ತೀರಾ ಸಣ್ಣ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಪೆನ್ನಿಗೆಂದೇ ಮಾಡಿದ ಒಳ್ಳೆ ಪಿಗ್ಮೆಂಟ್ ಶಾಯಿಯ ಕಣ ಒಂದು ಮೈಕ್ರಾನಿಗಿಂತ ಚಿಕ್ಕದು, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಚಿಕ್ಕದು. ಅದಕ್ಕೇ ನಿಬ್ಬಿನ ಸೀಳಿನಲ್ಲಿ ತೊಂದರೆಯಿಲ್ಲದೆ ಇಳಿಯುತ್ತದೆ. ಕಾಗದದ ಮೇಲೆ ನೀರು ಆರಿದಾಗ ಕಣಗಳು ಕಾಗದದ ಎಳೆಗಳಿಗೆ ಸಿಕ್ಕಿಕೊಂಡು ಕೂತುಬಿಡುತ್ತವೆ. ಆಮೇಲೆ ನೀರು ಚೆಲ್ಲಿದರೂ ಏಳುವುದಿಲ್ಲ. ತೊಂದರೆಯೂ ಅಲ್ಲೇ ಇದೆ ಅಲ್ವಾ, ಪೆನ್ನಿನ ಒಳಗೆ ಒಣಗಿದರೂ ಅದೇ ಕತೆ.

ನೇರಳೆಗೆ ಇನ್ನೊಂದು ತಕರಾರು ಇದೆ, ಬಿಸಿಲು. ಪ್ರಪಂಚದಲ್ಲಿ ಪ್ರಯೋಗಾಲಯದಲ್ಲಿ ಮಾಡಿ ಮಾರಾಟಕ್ಕೆ ಬಂದು ಹೆಸರು ಮಾಡಿದ ಮೊದಲ ಬಣ್ಣವೇ ನೇರಳೆ. 1856ರಲ್ಲಿ ಇಂಗ್ಲೆಂಡಿನ 18 ವರ್ಷದ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾಕ್ಕೆ ಕ್ವಿನೈನ್ ಮಾಡಲು ಹೋಗಿ ಅಕಸ್ಮಾತ್ ಮಾಡಿದ್ದು. ಆಮೇಲೆ ಎಷ್ಟೋ ನೇರಳೆ ಬಣ್ಣಗಳು ಬಂದವು, ನಮ್ಮ ಕಚೇರಿಗಳ ಠಸ್ಸೆಯ ಶಾಯಿಯೂ ಆ ಪೈಕಿ ಒಂದು. ಠಸ್ಸೆ ಹೊಡೆದ ಹಳೆಯ ಕಾಗದವನ್ನು ಕಿಟಕಿ ಪಕ್ಕ ಇಟ್ಟು ನೋಡಿ, ಎಷ್ಟು ಬೇಗ ಮಾಸುತ್ತದೆ ಅಂತ. ಪಿಗ್ಮೆಂಟ್ ನೇರಳೆ ಇದಕ್ಕಿಂತ ಗಟ್ಟಿ. ಡಯಾಕ್ಸಜೀನ್ ವಯಲೆಟ್ ಅನ್ನುವುದು ಚಿತ್ರಕಾರರು ಬಳಸುವ ಹೆಸರಾದ ನೇರಳೆ ಪಿಗ್ಮೆಂಟ್. ಕೆಲವರು ನೀಲಿ ಪಿಗ್ಮೆಂಟಿಗೆ ಗುಲಾಬಿ ಪಿಗ್ಮೆಂಟ್ ಬೆರೆಸಿ ನೇರಳೆ ಮಾಡುತ್ತಾರೆ. ಬಾಟಲಿ ಮೇಲೆ ಇದನ್ನೆಲ್ಲ ಬರೆದಿರುವುದು ಅಪರೂಪ, ಹಾಗಾಗಿ ಬಿಸಿಲಿನ ಪರೀಕ್ಷೆ ನಾವೇ ಮಾಡಬೇಕು.

ನನ್ನ ಅವ್ವ ಬಾಟಲಿ ನೋಡಿ ಕೇಳಿದ್ದು, "ಓಟ್ ಹಾಕಿದಾಗ ಬೆಟ್ಟಿಗೆ ಹಚ್ತಾರಲ್ಲ, ಅದಾ ಏನಪಾ ಇದು?" ಅಂತ. ಅಲ್ಲ. ಅದು ಮೈಸೂರಿನ ಕಾರ್ಖಾನೆಯಲ್ಲಿ ಆಗುವ ಶಾಯಿ, 1962ರ ಚುನಾವಣೆಯಿಂದ ಬಳಕೆಯಲ್ಲಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ, ಅದು ಚರ್ಮದ ಮೇಲೆ ಬೆಳಕು ತಾಗಿ ಕಪ್ಪಾಗುತ್ತದೆ. ಅದರ ದಾರಿಯೇ ಬೇರೆ. ಅಪ್ಪಿತಪ್ಪಿ ಯಾರಾದರೂ ತಂದುಕೊಟ್ಟರೂ ಪೆನ್ನಿಗೆ ಹಾಕಬೇಡಿ.

ಕೊಳ್ಳುವಾಗ

ಜಪಾನಿನ ಸೈಲರ್ ಕಂಪನಿಯ ಸ್ಟೋರಿಯಾ ಅನ್ನುವ ಪಿಗ್ಮೆಂಟ್ ಶಾಯಿಗಳಲ್ಲಿ ಮ್ಯಾಜಿಕ್ ಅನ್ನುವುದು ನೇರಳೆ. ಜರ್ಮನಿಯ ಡಿ ಅಟ್ರಾಮೆಂಟಿಸ್ ಕಂಪನಿಯ ಡಾಕ್ಯುಮೆಂಟ್ ಶಾಯಿಗಳಲ್ಲೂ ವಯಲೆಟ್ ಇದೆ. ಡಾಕ್ಯುಮೆಂಟ್ ಶಾಯಿಗಳನ್ನು ಒಂದಕ್ಕೊಂದು ಬೆರೆಸಬಹುದು, ನೀಲಿ ಕೆಂಪು ಕೂಡಿಸಿ ನಮಗೆ ಬೇಕಾದ ನೇರಳೆ ಮಾಡಿಕೊಳ್ಳಬಹುದು. ಎರಡೂ ಹೊರದೇಶದವು, ಬೆಲೆ ಜಾಸ್ತಿ. ನಮ್ಮ ಊರಿನ ಅಂಗಡಿಗಳಲ್ಲಿ ನಾನು ಕಂಡಿಲ್ಲ, ಆನ್‌ಲೈನ್ ತರಿಸಬೇಕು. ಪೂರ್ತಿ ಬಾಟಲಿ ತರಿಸಬೇಡಿ, 2 ಅಥವಾ 5 ಎಂ.ಎಲ್. ಸ್ಯಾಂಪಲ್ ಮಾರುವವರು ಇದ್ದಾರೆ, ಅದು ಸಾಕು.

ಇಲ್ಲಿ ನನಗಾದ ನಷ್ಟ ಹೇಳುತ್ತೇನೆ. ಒಂದು ಅಂಗಡಿಯಲ್ಲಿ "ವಾಟರ್‌ಪ್ರೂಫ್ ನೇರಳೆ ಇಂಕ್ ಕೊಡ್ರಿ" ಅಂದೆ. "ತಗೋರಿ ಅಣ್ಣಾರ, ಒಮ್ಮಿ ಬರದ್ರ ಅಳಸಂಗಿಲ್ಲ" ಅಂತ ಒಂದು ಸಣ್ಣ ಬಾಟಲಿ ಕೊಟ್ಟರು. ಅದು ಡ್ರಾಯಿಂಗ್ ಇಂಕ್. ಡ್ರಾಯಿಂಗ್ ಇಂಕಿನಲ್ಲಿ ಅರಗಿನಂಥ ಅಂಟು ಇರುತ್ತದೆ, ಅದು ಟಾಕು ಅದ್ದಿ ಬರೆಯುವುದಕ್ಕೆ ಮಾಡಿದ್ದು. ನನ್ನ ಪೆನ್ನು ಮೂರೇ ದಿನಕ್ಕೆ ಕಲ್ಲಾಯಿತು, ಇವತ್ತಿಗೂ ಬಿಚ್ಚಲು ಆಗಿಲ್ಲ. ಬಾಟಲಿ ಮೇಲೆ ಫೌಂಟನ್ ಪೆನ್ನಿಗೆ ಅಂತ ಸ್ಪಷ್ಟವಾಗಿ ಬರೆದಿರದಿದ್ದರೆ ತೆಗೆದುಕೊಳ್ಳಲೇ ಬೇಡಿ. ಇಂಡಿಯನ್ ಇಂಕ್, ಅಕ್ರಿಲಿಕ್ ಇಂಕ್, ಪ್ರಿಂಟರಿನ ಇಂಕ್ ಯಾವುದೂ ಬೇಡ.

ಸಾಮಾನು

ಜಾಸ್ತಿ ಏನೂ ಬೇಡ. ಮೆಡಿಕಲ್ ಅಂಗಡಿಯಿಂದ 2 ಎಂ.ಎಲ್.ನ ಎರಡು ಸಿರಿಂಜು, ಮಕ್ಕಳ ಮೂಗು ಸ್ವಚ್ಛ ಮಾಡುವ ರಬ್ಬರಿನ ಬಲ್ಬು ಒಂದು, ಟಿಶ್ಯೂ ಕಾಗದ, ಹಳೆಯ ಧೋತರದ ತುಂಡು, ಎರಡು ಗಾಜಿನ ಲೋಟ, ಒಂದು ಹಳೆಯ ಸ್ಟೀಲ್ ತಟ್ಟೆ. ಇನ್ನೊಂದು ಮುಖ್ಯವಾದದ್ದು ಡಿಸ್ಟಿಲ್ಡ್ ವಾಟರ್. ಇನ್ವರ್ಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಡಿಸ್ಟಿಲ್ಡ್ ವಾಟರ್ ಅಂತಲೇ ಕೇಳಿ, ಅದೇ ಕಪಾಟಿನಲ್ಲಿ ಆಸಿಡ್ ಕ್ಯಾನೂ ಇರುತ್ತದೆ.

ಬೋರಿನ ನೀರು ಯಾಕೆ ಬೇಡ ಅಂದರೆ, ನಮ್ಮ ಮನೆಯ ನೀರು ಎಷ್ಟು ಗಡಸು ಅಂದರೆ ಕೊಡದ ಒಳಗೆ ಬಿಳಿ ಪದರ ಕಟ್ಟುತ್ತದೆ. ಆ ಬಿಳಿಯೇ ಸುಣ್ಣ. ಪಿಗ್ಮೆಂಟ್ ಕಣಗಳು ಒಂದಕ್ಕೊಂದು ಅಂಟದೆ ತೇಲುತ್ತಿರಲಿ ಅಂತ ಶಾಯಿಯಲ್ಲಿ ಒಂದು ಪದಾರ್ಥ ಹಾಕಿರುತ್ತಾರೆ, ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಕೆಡಿಸಬಲ್ಲದು. ಕಣ್ಣಿಂದಲೇ ನೋಡಬೇಕಾದರೆ ಎರಡು ಲೋಟ ಇಡಿ, ಒಂದರಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ಡಿಸ್ಟಿಲ್ಡ್. ಎರಡಕ್ಕೂ ಒಂದೊಂದು ಹನಿ ಶಾಯಿ ಬಿಟ್ಟು ಕಲಕಿ ರಾತ್ರಿ ಬಿಡಿ. ಬೆಳಗ್ಗೆ ನನ್ನ ಬೋರಿನ ನೀರಿನ ಲೋಟದ ತಳದಲ್ಲಿ ನೇರಳೆ ಕೆಸರಿನ ಒಂದು ಗೆರೆ ಕೂತಿತ್ತು, ಇನ್ನೊಂದು ಲೋಟದ ನೀರು ಮೇಲಿಂದ ಕೆಳಗೆ ಒಂದೇ ಬಣ್ಣ. ಅವತ್ತಿನಿಂದ ಪೆನ್ನು ತೊಳೆಯಲು ಬೋರಿನ ನೀರು ಮುಟ್ಟಿಲ್ಲ.

ತಟ್ಟೆ ಯಾಕೆ ಹೇಳಿದೆ ಅಂದರೆ, ನಮ್ಮ ಮನೆಗಳಲ್ಲಿ ಶಹಾಬಾದ್ ಫರಸಿ. ಮೊದಲ ದಿನ ಸಿರಿಂಜಿನ ತುದಿಯಿಂದ ಎರಡೇ ಹನಿ ಫರಸಿ ಮೇಲೆ ಬಿದ್ದವು. ಒರೆಸುವ ಬಟ್ಟೆ ತರುವಷ್ಟರಲ್ಲಿ ಕಲ್ಲು ಕುಡಿದುಬಿಟ್ಟಿತ್ತು. ನಿಂಬೆಹಣ್ಣು ತಿಕ್ಕಿದೆ. ಶಾಯಿ ಹಾಗೇ ಉಳಿಯಿತು, ಅದರ ಸುತ್ತ ಫರಸಿ ಮಾತ್ರ ಬಿಳಿಚಿಕೊಂಡಿತು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಹುಳಿ ತಾಗಿದರೆ ಅದನ್ನೇ ತಿನ್ನುತ್ತದೆ, ಇದು ನನಗೆ ಆಮೇಲೆ ಹೊಳೆದದ್ದು. ಅವ್ವ ನೋಡಿ, "ಏನಪಾ, ಇದ್ದ ಫರಸಿ ಬದ್ನಿಕಾಯಿ ಬಣ್ಣ ಮಾಡಿದಿ, ಮ್ಯಾಲ ಅದಕ್ಕ ಸುತ್ತ ರಂಗೋಲಿ ಬ್ಯಾರೆ" ಅಂದಳು. ಹಾಗಾಗಿ ತಟ್ಟೆ ಇಟ್ಟುಕೊಳ್ಳಿ, ತಟ್ಟೆ ಕೆಳಗೆ ಪೇಪರ್ ಹಾಸಿ, ಬಿಳಿ ಅಂಗಿ ಹಾಕಿಕೊಂಡು ಈ ಕೆಲಸಕ್ಕೆ ಕೂಡಬೇಡಿ.

ಪೆನ್ನು ಯಾವುದು

ಇದೇ ಎಲ್ಲಕ್ಕಿಂತ ದೊಡ್ಡ ನಿರ್ಧಾರ. ಬೆಲೆ ಬಾಳುವ ಪೆನ್ನು ಬೇಡ, ಅಜ್ಜನ ಕಾಲದ ಪೆನ್ನು ಅಂತೂ ಬೇಡವೇ ಬೇಡ. ಬಿಚ್ಚಿ ತೊಳೆಯಲು ಬರುವ, ಹೋದರೆ ಹೋಯಿತು ಅನ್ನುವ ಪೆನ್ನು ಇರಲಿ. ನಾನು ಇಟ್ಟುಕೊಂಡಿರುವುದು ಪ್ಲಾಟಿನಂ ಅನ್ನುವ ಕಂಪನಿಯ ಪ್ರೆಪ್ಪಿ ಪೆನ್ನು. ಅದರ ಮುಚ್ಚಳದ ಒಳಗೆ ಸ್ಪ್ರಿಂಗ್ ಇರುವ ಇನ್ನೊಂದು ಸಣ್ಣ ಮುಚ್ಚಳ ಇದೆ, ಅದು ನಿಬ್ಬನ್ನು ಗಟ್ಟಿಯಾಗಿ ಮುಚ್ಚುತ್ತದೆ. ಒಂದು ವರ್ಷ ಬಿಟ್ಟರೂ ಶಾಯಿ ಒಣಗುವುದಿಲ್ಲ ಅಂತ ಕಂಪನಿ ಹೇಳುತ್ತದೆ. ನಮ್ಮ ಮೇ ತಿಂಗಳನ್ನು ಅವರು ನೋಡಿರಲಿಕ್ಕಿಲ್ಲ, ಆದರೂ ನನ್ನ ಬಳಿ ಇರುವ ಪೆನ್ನುಗಳಲ್ಲಿ ತಡೆದದ್ದು ಇದೇ. ಒಂದು ಮಾತು ನೆನಪಿಡಿ, ಇದಕ್ಕೆ ಪ್ಲಾಟಿನಂ ಕನ್ವರ್ಟರೇ (ಪೆನ್ನಿನೊಳಗೆ ಶಾಯಿ ತುಂಬಿಡುವ ಸಣ್ಣ ಕೊಳವೆ) ಬೇಕು, ಬೇರೆ ಕಂಪನಿಯದು ಕೂಡುವುದಿಲ್ಲ.

ಬೇರೆ ಪೆನ್ನು ಇದ್ದರೆ ಮುಚ್ಚಳ ಪರೀಕ್ಷಿಸಿ. ಮುಚ್ಚಳವನ್ನು ತೊಳೆದು, ಬಾಯಿ ಇರುವ ಕಡೆ ತುಟಿಗೆ ಇಟ್ಟು ಜೋರಾಗಿ ಊದಿ. ಕ್ಲಿಪ್ಪಿನ ಹತ್ತಿರದಿಂದಲೋ ತಲೆಯಿಂದಲೋ ಗಾಳಿ ಸೋರಿದರೆ ಆ ಪೆನ್ನು ಈ ಶಾಯಿಗೆ ಆಗುವುದಿಲ್ಲ. ಕೆಲವು ಪೆನ್ನಿನ ಮುಚ್ಚಳಕ್ಕೆ ಬೇಕಂತಲೇ ತೂತು ಬಿಟ್ಟಿರುತ್ತಾರೆ, ಮಕ್ಕಳು ನುಂಗಿದರೆ ಉಸಿರು ಆಡಲಿ ಅಂತ. ಒಳಗೆ ಬೇರೆ ಒಳಮುಚ್ಚಳ ಇದ್ದರೆ ಸರಿ, ಇಲ್ಲದಿದ್ದರೆ ಬಿಡಿ.

ಊದಿ ನೋಡಿದ ಮೇಲೂ ನಂಬಬೇಡಿ. ಮೊದಲು ಮಾಮೂಲಿ ನೀಲಿ ಶಾಯಿ ತುಂಬಿ, ಮೂರು ದಿನ ಮುಟ್ಟದೆ ಮಲಗಿಸಿಡಿ. ನಾಲ್ಕನೇ ದಿನ ಮುಚ್ಚಳ ತೆಗೆದು ಬರೆಯಿರಿ. ಮೊದಲ ಅಕ್ಷರದಲ್ಲೇ ಶಾಯಿ ಇಳಿದರೆ ಮುಂದಿನ ಹೆಜ್ಜೆ. ನೀಲಿಯಲ್ಲೇ ತಡವರಿಸುವ ಪೆನ್ನು ಪಿಗ್ಮೆಂಟಿನಲ್ಲಿ ಖಂಡಿತ ಕೈಕೊಡುತ್ತದೆ.

ಡ್ರಾಪರಿನಿಂದ ನೇರ ಹೊಟ್ಟೆಗೇ ಶಾಯಿ ತುಂಬುವ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನುಗಳು ನನಗೆ ಬಲು ಇಷ್ಟ. ಆದರೆ ಇದಕ್ಕೆ ಬೇಡ. ಶಾಯಿ ಅರ್ಧಕ್ಕಿಂತ ಕೆಳಗಿಳಿದಾಗ ಒಳಗೆ ಗಾಳಿ ತುಂಬಿರುತ್ತದೆ, ಬಿಸಿಲಿಗೋ ಕೈಯ ಬಿಸಿಗೋ ಆ ಗಾಳಿ ಹಿಗ್ಗಿ ನಿಬ್ಬಿನಿಂದ ಶಾಯಿ ಕಕ್ಕಿಸುತ್ತದೆ. ನೀಲಿಯಾದರೆ ಅಂಗಿ ಒಗೆದರೆ ಹೋಗಬಹುದು. ಈ ನೇರಳೆ ಬಟ್ಟೆಗೆ ಹತ್ತಿದರೆ ಆ ಅಂಗಿಯನ್ನು ಹೊಲಕ್ಕೆ ಹಾಕಿಕೊಂಡು ಹೋಗಬೇಕು, ಅಷ್ಟೇ.

ತೊಳೆಯುವುದು, ಅಲುಗಿಸುವುದು, ಅದ್ದಿ ನೋಡುವುದು

ಪೆನ್ನಿನಲ್ಲಿ ಹಳೆಯ ಶಾಯಿಯ ಒಂದು ಹನಿಯೂ ಇರಬಾರದು. ಬೇರೆ ಶಾಯಿ ಸೇರಿದರೆ ಕಣಗಳು ಗಂಟು ಕಟ್ಟಬಹುದು. ಬಲ್ಬಿನಿಂದ ಡಿಸ್ಟಿಲ್ಡ್ ನೀರು ಒತ್ತುತ್ತಾ ಹೋಗಿ, ನೀರು ತಿಳಿಯಾದ ಮೇಲೂ ನಿಬ್ಬನ್ನು ಟಿಶ್ಯೂಗೆ ಒತ್ತಿ ನೋಡಿ. ಟಿಶ್ಯೂ ಮೇಲೆ ಬಣ್ಣ ಕಂಡರೆ ಇನ್ನೂ ಇದೆ ಅಂತ. ಪೂರ್ತಿ ಹೋದ ಮೇಲೆ ನಿಬ್ ಕೆಳಗೆ ಮಾಡಿ ಟಿಶ್ಯೂ ಸುತ್ತಿ ರಾತ್ರಿ ನಿಲ್ಲಿಸಿ.

ಬಾಟಲಿಯ ತಳಕ್ಕೆ ಮೊಬೈಲ್ ಬೆಳಕು ಬಿಟ್ಟು ನೋಡಿ. ಕಣಗಳು ತೂಕದವು, ಬಹಳ ದಿನ ಇಟ್ಟರೆ ತಳಕ್ಕೆ ಕೂಡುತ್ತವೆ. ಬಾಟಲಿಯನ್ನು ಎರಡು ಅಂಗೈ ನಡುವೆ ಇಟ್ಟು ರೊಟ್ಟಿಯ ಹಿಟ್ಟಿನ ಉಂಡೆ ಹೊರಳಿಸಿದ ಹಾಗೆ ನಿಧಾನ ಹೊರಳಿಸಿ, ಒಂದು ನಿಮಿಷ ಸಾಕು. ಕೆಮ್ಮಿನ ಔಷಧದ ಬಾಟಲಿ ಹಾಗೆ ಗಡಗಡ ಅಲುಗಿಸಬೇಡಿ, ನೊರೆ ಬರುತ್ತದೆ, ನೊರೆ ಕನ್ವರ್ಟರಿಗೆ ಹೋದರೆ ಬರೆಯುವಾಗ ಶಾಯಿ ನಿಂತು ನಿಂತು ಬರುತ್ತದೆ. ಹೊರಳಿಸಿದ ಮೇಲೂ ತಳದಲ್ಲಿ ಗಟ್ಟಿ ಪದರ ಉಳಿದರೆ ಆ ಶಾಯಿ ಪೆನ್ನಿಗೆ ಹಾಕಬೇಡಿ. ಕೆಟ್ಟ ವಾಸನೆ ಬಂದರೆ, ಎಳೆ ಎಳೆಯಾಗಿ ಏನಾದರೂ ತೇಲಿದರೆ ಬೂಸ್ಟು ಬಂದಿದೆ ಅಂತ, ಎಸೆದುಬಿಡಿ.

ಪೆನ್ನಿಗೆ ತುಂಬುವ ಮುಂಚೆ ಎರಡು ಪರೀಕ್ಷೆ. ಮೊದಲನೆಯದು, ಬಿಳಿ ಟಿಶ್ಯೂವಿನ ಒಂದು ಉದ್ದ ಪಟ್ಟಿ ಕತ್ತರಿಸಿ, ಕೆಳತುದಿಯಿಂದ ಎರಡು ಬೆರಳು ಮೇಲೆ ಇಯರ್‌ಬಡ್ಡಿನಿಂದ ಶಾಯಿಯ ಒಂದು ಗೆರೆ ಎಳೆದು, ಒಂದು ತಾಸು ಒಣಗಲು ಬಿಡಿ. ಆಮೇಲೆ ಕೆಳತುದಿ ಮಾತ್ರ ನೀರಿಗೆ ತಾಗಿಸಿ. ನೀರು ಮೇಲಕ್ಕೆ ಏರುತ್ತದೆ. ಮಾಮೂಲಿ ನೇರಳೆ ಶಾಯಿಯಾದರೆ ಗೆರೆ ನೀರಿನ ಜೊತೆ ಏರಿ, ನೀಲಿ ಬೇರೆ ಗುಲಾಬಿ ಬೇರೆಯಾಗಿ ಒಡೆಯುತ್ತದೆ, ನೋಡಲು ಬಹಳ ಚಂದ. ಪಿಗ್ಮೆಂಟ್ ಆದರೆ ಗೆರೆ ಇದ್ದಲ್ಲೇ ಇರುತ್ತದೆ. ಸ್ವಲ್ಪ ಬಣ್ಣ ಏರಿ, ಉಳಿದದ್ದು ನಿಂತರೆ ಎರಡೂ ಬೆರೆತ ಶಾಯಿ. ಆದರೆ ಈ ಪರೀಕ್ಷೆಯಲ್ಲಿ ಡ್ರಾಯಿಂಗ್ ಇಂಕ್ ಕೂಡ ಪಾಸಾಗುತ್ತದೆ, ಹಾಗಾಗಿ ಇದೊಂದನ್ನೇ ನಂಬಿ ತುಂಬಿಬಿಡಬೇಡಿ.

ಎರಡನೆಯದು, ಗಾಜಿನ ಮೇಲೆ ಒಂದು ಹನಿ ಬಿಟ್ಟು ಒಂದು ದಿನ ಒಣಗಿಸಿ. ಒದ್ದೆ ಬಟ್ಟೆಯಿಂದ ತಿಕ್ಕಿ. ಎರಡು ಸಲ ತಿಕ್ಕಿದರೆ ಹೋಗುವುದಾದರೆ ನಿಬ್ಬಿನ ಮೇಲಿಂದಲೂ ಹೋಗುವ ಆಸೆ ಇದೆ. ಮಿರಿಮಿರಿ ಮಿಂಚುವ ಪೊರೆಯಾಗಿ ಅಂಟಿಕೊಂಡು, ಉಗುರಿನಿಂದ ಕೆರೆದರೆ ಚಕ್ಕೆ ಏಳುವುದಾದರೆ ಆ ಬಾಟಲಿ ಟಾಕು-ದೌತಿ ಇರುವವರಿಗೆ ಕೊಟ್ಟುಬಿಡಿ.

ಇದೇ ಹೊತ್ತಿಗೆ ಇಯರ್‌ಬಡ್ಡಿನಿಂದ ಕಾಗದದ ಮೇಲೆ ಬಳಿದು ಬಣ್ಣವನ್ನೂ ನೋಡಿಕೊಳ್ಳಿ. ಹಸಿ ಇದ್ದಾಗ ಮಾಗಿದ ನೇರಳೆ ಹಣ್ಣಿನ ಸಿಪ್ಪೆಯ ಹಾಗೆ ಕಪ್ಪಗೆ ಹೊಳೆಯುತ್ತದೆ. ಒಣಗಿದ ಮೇಲೆ ಆ ಹೊಳಪು ಹೋಗಿ ಮಬ್ಬಾಗುತ್ತದೆ, ಹಣ್ಣಿನ ಮೇಲೆ ಧೂಳು ಕೂತ ಹಾಗೆ. ನನಗೆ ಈ ಮಬ್ಬೇ ಇಷ್ಟ. ಹೊಳಪು ಬೇಕು ಅನ್ನುವವರಿಗೆ ಈ ಶಾಯಿ ನಿರಾಸೆ ಮಾಡುತ್ತದೆ.

ಈಗ ತುಂಬಿ, ಆದರೆ ಸ್ವಲ್ಪ

ಸಿರಿಂಜಿನಿಂದ ಕನ್ವರ್ಟರಿಗೆ 0.3 ಎಂ.ಎಲ್. ಮಾತ್ರ. ಪೂರ್ತಿ ತುಂಬಿದರೆ ಖಾಲಿಯಾಗುವಷ್ಟರಲ್ಲಿ ತಿಂಗಳಾಗುತ್ತದೆ, ಅಷ್ಟು ದಿನ ಒಳಗಿಟ್ಟು ನೋಡುವ ಧೈರ್ಯ ಮೊದಲ ಸಲ ಬೇಡ. ತುಂಬಿದ ತಾರೀಖು ಒಂದು ಸಣ್ಣ ಚೀಟಿಯಲ್ಲಿ ಬರೆದು ಪೆನ್ನಿಗೆ ಅಂಟಿಸಿ. ಇದು ಅತಿ ಅನಿಸಬಹುದು, ಆದರೆ ಯಾವಾಗ ತುಂಬಿದ್ದು ಅಂತ ಮರೆತೇ ಪೆನ್ನು ಹಾಳಾಗುವುದು.

ದಿನಾ ಐದಾರು ಸಾಲು ಬರೆಯಿರಿ. ನೀವು ನಿಜವಾಗಿ ಬಳಸುವ ಕಾಗದದ ಮೇಲೇ ಬರೆಯಿರಿ, ಚಂದದ ಜಪಾನ್ ಕಾಗದದ ಮೇಲೆ ಎಲ್ಲ ಶಾಯಿಯೂ ಚಂದವೇ. ನನ್ನ ಲಾಂಗ್ ಬುಕ್ಕಿನ ಹಾಳೆ ತೆಳು, ಮಾಮೂಲಿ ಶಾಯಿ ಹಿಂದಕ್ಕೆ ಇಳಿಯುತ್ತದೆ, ಅಂಚು ಬೇರು ಬಿಡುತ್ತದೆ. ಪಿಗ್ಮೆಂಟ್ ಮೇಲೇ ಕೂಡುವುದರಿಂದ ಅಂಚು ಸ್ವಲ್ಪ ಚೊಕ್ಕಟ ಬಂತು, ಹಿಂದಕ್ಕೆ ಇಳಿಯುವುದೂ ಕಮ್ಮಿ. ಝೆರಾಕ್ಸ್ ಕಾಗದದ ಮೇಲೂ ಹಾಗೇ. ನುಣುಪಾದ ಕ್ಯಾಲೆಂಡರ್ ಕಾಗದದ ಮೇಲೆ ಮಾತ್ರ ಬರೆದು ಹತ್ತು ನಿಮಿಷ ಆದ ಮೇಲೂ ಬೆರಳಿಗೆ ಹತ್ತಿತು, ಕಣಕ್ಕೆ ಹಿಡಿದುಕೊಳ್ಳಲು ಎಳೆ ಸಿಗಬೇಕಲ್ಲ. ನಿಬ್ ತೀರಾ ಸಣ್ಣದು ಬೇಡ. ಪ್ರೆಪ್ಪಿಯಲ್ಲಿ 02 ಬಹಳ ಸಣ್ಣದು, 03 ಅಥವಾ 05 ಇರಲಿ.

ಒಣಗುವ ಪರೀಕ್ಷೆ

ನಮ್ಮ ಕಡೆಯವರು ಇದನ್ನು ಬಿಟ್ಟರೆ ಉಳಿದ ಪರೀಕ್ಷೆಗಳೆಲ್ಲ ದಂಡ. ಫ್ಯಾನ್ ಹಚ್ಚಿ, ಅದರ ಕೆಳಗೇ ಕೂತು ಮಾಡಬೇಕು, ಯಾಕೆಂದರೆ ನಾವು ಬರೆಯುವುದೂ ಅಲ್ಲೇ.

ಒಂದು ಸಾಲು ಬರೆಯಿರಿ, ಮುಚ್ಚಳ ಹಾಕದೆ ಪೆನ್ನು ಇಡಿ. 30 ಸೆಕೆಂಡಿಗೆ ಎತ್ತಿ ಒಂದು ಗೆರೆ. ಮತ್ತೆ ಇಡಿ, ಒಂದು ನಿಮಿಷಕ್ಕೆ ಒಂದು ಗೆರೆ. ಹೀಗೆ 2 ನಿಮಿಷ, 5 ನಿಮಿಷ. ಎಲ್ಲಿ ಗೆರೆ ತುಂಡು ತುಂಡಾಗಿ ಬರುತ್ತದೋ ಅಲ್ಲಿಗೆ ನಿಲ್ಲಿಸಿ, ಆ ಹೊತ್ತನ್ನು ಬರೆದಿಡಿ. ಆಗಸ್ಟಿನಲ್ಲಿ ನನ್ನ ಪೆನ್ನು ಐದು ನಿಮಿಷ ತಡೆಯಿತು. ಮೇ ತಿಂಗಳ ಮಧ್ಯಾಹ್ನ ಎರಡು ನಿಮಿಷಕ್ಕೇ ಗೆರೆ ತುಂಡಾಯಿತು. ಅದೇ ಪೆನ್ನು, ಅದೇ ಶಾಯಿ. ಗಿರಾಕಿ ಜೊತೆ ಮಾತಿಗೆ ನಿಂತಾಗ ಮುಚ್ಚಳ ಹಾಕುವ ರೂಢಿ ನನಗೆ ಬಂದದ್ದು ಹೀಗೆ.

ಆಮೇಲೆ ಮುಚ್ಚಳ ಹಾಕಿ ಇಡುವ ಪರೀಕ್ಷೆ. ಒಂದು ದಿನ ಬಿಟ್ಟು ಬರೆಯಿರಿ, ಆಮೇಲೆ ಮೂರು ದಿನ, ಆಮೇಲೆ ಏಳು ದಿನ. ಬರೆದಾಗ ಮೊದಲ ಅಕ್ಷರದ ಬಣ್ಣ ಗಮನಿಸಿ. ಮಾಮೂಲಿಗಿಂತ ಕಪ್ಪಗೆ ಬಂದರೆ ಒಳಗೆ ನೀರು ಆರಿ ಶಾಯಿ ಗಟ್ಟಿಯಾಗುತ್ತಿದೆ, ನಿಮ್ಮ ಮಿತಿ ಹತ್ತಿರ ಬಂದಿದೆ. ಮೊದಲ ಅಕ್ಷರ ಬರದೆ ಎರಡನೇದರಿಂದ ಶುರುವಾದರೆ ಮಿತಿ ಆಗಲೇ ದಾಟಿದೆ, ಅವತ್ತೇ ತೊಳೆಯಿರಿ.

ಇಡುವಾಗ ಪೆನ್ನು ಮಲಗಿಸಿ ಇಡಿ. ನಿಬ್ ಮೇಲೆ ಮಾಡಿ ವಾರಗಟ್ಟಲೆ ನಿಲ್ಲಿಸಿದರೆ ಕಣ ಕೆಳಗಿಳಿದು ನಿಬ್ ಒಣಗುತ್ತದೆ, ನಿಬ್ ಕೆಳಗೆ ಮಾಡಿದರೆ ಕಣ ಬಂದು ನಿಬ್ಬಿನ ಬುಡದಲ್ಲೇ ಕೂಡುತ್ತದೆ. ಬೈಕಿನ ಟ್ಯಾಂಕ್ ಕವರಿನಲ್ಲಿ, ಸ್ಕೂಟರ್ ಡಿಕ್ಕಿಯಲ್ಲಿ, ಪತ್ರಾಸಿನ ಶೆಡ್ಡಿನಲ್ಲಿ ಇಡಬೇಡಿ.

ನೀರು ಮತ್ತು ಬಿಸಿಲು

ನೀರಿನ ಪರೀಕ್ಷೆ ಬೇಗ ಮುಗಿಯುತ್ತದೆ. ಒಂದೇ ಹಾಳೆಯಲ್ಲಿ ಮಾಮೂಲಿ ನೇರಳೆ ಒಂದು ಸಾಲು, ಪಿಗ್ಮೆಂಟ್ ನೇರಳೆ ಒಂದು ಸಾಲು. ಒಂದು ಪೂರ್ತಿ ದಿನ ಒಣಗಲಿ. ಆಮೇಲೆ ಎರಡರ ಮೇಲೂ ನೀರು ಹನಿಸಿ ಹತ್ತು ನಿಮಿಷ ಬಿಡಿ, ಆಮೇಲೆ ಒದ್ದೆ ಬೆರಳಿನಿಂದ ಮೆಲ್ಲಗೆ ಉಜ್ಜಿ. ಅಕ್ಷರ ಓದಲು ಬಂದರೆ ಪಾಸ್. ನನ್ನದರಲ್ಲಿ ಉಜ್ಜಿದಾಗ ಸ್ವಲ್ಪ ಮಸುಕು ಬಂತು, ಆದರೆ ಅಂಕಿ ಒಂದೂ ಹೋಗಲಿಲ್ಲ. ಧಾರಣೆ ಬುಕ್ಕಿಗೆ ಅಷ್ಟು ಸಾಕು.

ಬಿಸಿಲಿಗೆ ನಮ್ಮ ಊರಷ್ಟು ಒಳ್ಳೆ ಪ್ರಯೋಗಾಲಯ ಎಲ್ಲಿ ಸಿಗಬೇಕು. ಒಂದು ಪಟ್ಟಿ ಕಾಗದದ ಮೇಲೆ ಮೂರು ಗೆರೆ ಎಳೆಯಿರಿ: ನಿಮ್ಮ ಪಿಗ್ಮೆಂಟ್, ಮಾಮೂಲಿ ನೇರಳೆ, ಠಸ್ಸೆಯ ಶಾಯಿ. ಪಟ್ಟಿಯ ಅರ್ಧಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ, ಮೂರು ವಾರ ಮರೆತುಬಿಡಿ. ಬಿಚ್ಚಿದಾಗ ಮುಚ್ಚಿದ್ದ ಅರ್ಧಕ್ಕೂ ಬಿಸಿಲಿಗೆ ತೆರೆದಿದ್ದ ಅರ್ಧಕ್ಕೂ ನಡುವೆ ಎಷ್ಟು ದೊಡ್ಡ ಗಡಿ ಕಾಣುತ್ತದೆ ನೋಡಿ. ನನ್ನ ಪಟ್ಟಿಯಲ್ಲಿ ಠಸ್ಸೆಯ ಶಾಯಿ ಬರೀ ನೆರಳಾಗಿತ್ತು, ಮಾಮೂಲಿ ನೇರಳೆ ಬೂದಿ ಬಣ್ಣಕ್ಕೆ ತಿರುಗಿತ್ತು. ಪಿಗ್ಮೆಂಟಿನಲ್ಲಿ ಗಡಿ ಹುಡುಕಲು ಕನ್ನಡಕ ಹಾಕಬೇಕಾಯಿತು. ನಿಮ್ಮ ಶಾಯಿ ನೇರಳೆಯಿಂದ ನೀಲಿ ಕಡೆ ಸರಿದಿದ್ದರೆ ಅದರೊಳಗಿನ ಗುಲಾಬಿ ಮೊದಲು ಹೋಗಿದೆ ಅಂತ ತಿಳಿಯಿರಿ.

ಚಿತ್ರ ಬರೆಯುವವರಿಗೆ ಇನ್ನೊಂದು ಉಪಯೋಗ ಇದೆ. ನನ್ನ ಅಕ್ಕನ ಮಗಳು ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯನ್ನು ಬಿಡಿಸುತ್ತಿದ್ದಳು. 1367ರ ಕಟ್ಟಡ ಅದು, ಒಳಗೆ ಬಯಲು ಅಂಗಳವೇ ಇಲ್ಲ, ಪೂರ್ತಿ ಮುಚ್ಚಿಗೆ, ಕಮಾನಿನ ಹಿಂದೆ ಕಮಾನು. ಆ ಕಮಾನುಗಳ ಗೆರೆಯನ್ನು ಈ ನೇರಳೆಯಲ್ಲಿ ಎಳೆದು, ಒಣಗಿದ ಮೇಲೆ ಅದರ ಮೇಲೇ ನೀರು ಬಣ್ಣ ಬಳಿದಳು. ಗೆರೆ ಕದಡಲಿಲ್ಲ. ಕಪ್ಪು ಗೆರೆಗಿಂತ ನೆರಳಿಗೆ ನೇರಳೆ ಗೆರೆ ಚೆನ್ನಾಗಿ ಹೊಂದುತ್ತದೆ ಅಂತ ಅವಳ ಮಾತು, "ಮಾಮಾ, ಆ ಪೆನ್ ನನಗ ಕೊಡ್ರಿ" ಅಂತ ಕೊನೆಗೆ ಪೆನ್ನೂ ಅವಳದೇ ಆಯಿತು.

ಬ್ಯಾಂಕಿನ ಚೆಕ್ಕು, ಪರೀಕ್ಷೆಯ ಉತ್ತರ ಪತ್ರಿಕೆ, ಸರ್ಕಾರಿ ಅರ್ಜಿ, ಇವಕ್ಕೆ ಮಾತ್ರ ನೇರಳೆ ಬೇಡ, ನೀಲಿ ಕಪ್ಪಿಗೇ ಅಂಟಿಕೊಳ್ಳಿ.

ತೊಳೆಯುವ ದಿನ

ಎರಡು ವಾರಕ್ಕೆ ಒಮ್ಮೆ, ಬೇಸಿಗೆಯಲ್ಲಿ ವಾರಕ್ಕೆ ಒಮ್ಮೆ, ಪೆನ್ನು ಚೆನ್ನಾಗೇ ಬರೆಯುತ್ತಿದ್ದರೂ ತೊಳೆಯಿರಿ. ಕೆಟ್ಟ ಮೇಲೆ ತೊಳೆಯೋಣ ಅನ್ನುವವರು ಈ ಶಾಯಿಗೆ ಕೈ ಹಾಕಬಾರದು. ಡಿಸ್ಟಿಲ್ಡ್ ನೀರು, ಬಲ್ಬು, ಟಿಶ್ಯೂಗೆ ಒತ್ತಿ ನೋಡುವುದು, ಮೊದಲಿನ ಹಾಗೇ. ನೀರು ತಿಳಿಯಾದ ಮೇಲೂ ನಿಬ್ಬಿನ ಸೀಳಿನಲ್ಲಿ ನೇರಳೆ ಗೆರೆ ಕಂಡರೆ, ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಹಾಕಿ ಅದರಲ್ಲಿ ನಿಬ್ ಭಾಗವನ್ನು ರಾತ್ರಿ ನೆನೆಸಿ. ಬೆಳಗ್ಗೆ ಸಾಬೂನು ಪೂರ್ತಿ ಹೋಗುವ ತನಕ ತೊಳೆಯಿರಿ, ಇಲ್ಲದಿದ್ದರೆ ಮುಂದಿನ ಶಾಯಿ ಕಾಗದದ ಮೇಲೆ ಹರಡುತ್ತದೆ.

ಅದಕ್ಕೂ ಬಗ್ಗದಿದ್ದರೆ ಮನೆಬಳಕೆಯ ಅಮೋನಿಯಾ ಒಂದು ಪಾಲು, ನೀರು ಹತ್ತು ಪಾಲು, ಕಿಟಕಿ ತೆಗೆದು ಮಾಡಿ. ಬ್ಲೀಚಿಂಗ್ ಜೊತೆ ಅಮೋನಿಯಾ ಯಾವತ್ತೂ ಸೇರಬಾರದು, ವಿಷದ ಹೊಗೆ ಬರುತ್ತದೆ. ಬಿಸಿ ನೀರು ಬೇಡ, ನಿಬ್ಬಿಗೆ ಶಾಯಿ ಇಳಿಸುವ ಫೀಡಿನ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಸ್ಪಿರಿಟ್, ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರವ ಇವೂ ಪ್ಲಾಸ್ಟಿಕ್ ತಿನ್ನುತ್ತವೆ. ಕನ್ನಡಕದ ಅಂಗಡಿಗಳಲ್ಲಿ ಗಡಗಡ ಅನ್ನುವ ಒಂದು ಅಲ್ಟ್ರಾಸಾನಿಕ್ ಯಂತ್ರ ಇರುತ್ತದಲ್ಲ, ಪರಿಚಯ ಇದ್ದರೆ ಅದರಲ್ಲಿ ಎರಡು ನಿಮಿಷ ನಿಬ್ ಇಡಿಸಿಕೊಳ್ಳಿ. ನಾನು ಒಮ್ಮೆ ಹಾಗೆ ಮಾಡಿಸಿದಾಗ ಸ್ವಚ್ಛ ಆಗಿದೆ ಅಂದುಕೊಂಡಿದ್ದ ನಿಬ್ಬಿನಿಂದ ನೇರಳೆ ಹೊಗೆ ಎದ್ದ ಹಾಗೆ ಬಣ್ಣ ಬಂತು, ಅಂಗಡಿಯವರು ನೀರು ಬದಲಿಸುವ ತನಕ ಬೇರೆ ಯಾರ ಕನ್ನಡಕವನ್ನೂ ತೊಳೆಯಲಿಲ್ಲ.

ಉಳಿದ ಶಾಯಿಯನ್ನು ಯಾರಿಗಾದರೂ ಕೊಡುವುದಾದರೆ ಗಾಜಿನ ಸಣ್ಣ ಶೀಶೆಯಲ್ಲಿ ಕೊಡಿ, ಮೇಲೆ ಹೆಸರು, ತಾರೀಖು, "ಪಿಗ್ಮೆಂಟ್, ಬೇರೆ ಶಾಯಿ ಬೆರೆಸಬೇಡಿ" ಅಂತ ಬರೆದು ಅಂಟಿಸಿ. ಬೀದರಿನ ಒಬ್ಬ ಗೆಳೆಯರಿಗೆ ಹೀಗೆ ಕಳಿಸುವಾಗ ಶೀಶೆಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನಡುವೆ ಟಿಶ್ಯೂ ಒತ್ತಿದ್ದೆ. ದಾರಿಯಲ್ಲಿ ಮುಚ್ಚಳ ಸಡಿಲವಾಗಿ ಅರ್ಧ ಶಾಯಿ ಟಿಶ್ಯೂಗೆ ಹೋಗಿತ್ತಂತೆ. ಮುಚ್ಚಳದ ಸುತ್ತ ಪ್ಲಂಬರ್ ಬಳಸುವ ಬಿಳಿ ಟೇಪನ್ನು ಎರಡು ಸುತ್ತು ಸುತ್ತಿ ಕಳಿಸಿ.